ಸಹಾಯ ಬೇಕು: 1916ರ ಚಿತ್ರದಲ್ಲಿರುವ ಬಂಗಲೆ-ಆಸ್ಪತ್ರೆಯನ್ನು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನಾನು ವಾಸವಾಗಿರುವ ಊರಿನ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಚಿತ್ರ ಸಿಕ್ಕಿದ್ದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ 1916 ಎಂದಷ್ಟೇ ಬರೆದಿದೆ. ದೊಡ್ಡ ಬಂಗಲೆಯ ಮೆಟ್ಟಿಲುಗಳ ಮೇಲೆ ಹನ್ನೊಂದು ಗಾಯಾಳು ಸೈನಿಕರು ಕುಳಿತಿದ್ದಾರೆ; ಒಬ್ಬನ ತೋಳು ಜೋಲಿಯಲ್ಲಿದೆ, ಇನ್ನೊಬ್ಬನ ಮಡಿಲಲ್ಲಿ ಬೆಕ್ಕಿನ ಮರಿ ಮಲಗಿದೆ. ಪಕ್ಕದಲ್ಲಿ ರೆಡ್ ಕ್ರಾಸ್ ಗುರುತಿನ ಆಂಬುಲೆನ್ಸ್ ನಿಂತಿದೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಅನೇಕ ಶ್ರೀಮಂತರು ತಮ್ಮ ಹಳ್ಳಿಯ ಬಂಗಲೆಗಳನ್ನು ಆಸ್ಪತ್ರೆಗಳಿಗಾಗಿ ಬಿಟ್ಟುಕೊಟ್ಟಿದ್ದರು. ರೆಡ್ ಕ್ರಾಸ್‌ನ ಪಟ್ಟಿಯನ್ನು ನೋಡಿದೆ. ಅಂತಹ ಸಹಾಯಕ ಆಸ್ಪತ್ರೆಗಳು ಸುಮಾರು ಮೂರು ಸಾವಿರವಿದ್ದುದರಿಂದ ಕಣ್ಣು ಕತ್ತಲಿಟ್ಟಿತು. ಸ್ವಯಂಸೇವಕರ ಕಾರ್ಡುಗಳನ್ನೂ ಹುಡುಕಿದೆ, ಆದರೆ ಅವುಗಳಲ್ಲಿ ದಾದಿಯರು, ಅಡುಗೆಯವರು, ಚಾಲಕರಂಥವರ ವಿವರಗಳಿವೆಯೇ ಹೊರತು ಗಾಯಾಳುಗಳದ್ದಿಲ್ಲ.

ಉಳಿದಿರುವ ಸುಳಿವು ಒಂದೇ: ಆಂಬುಲೆನ್ಸಿನ ನೋಂದಣಿ ಸಂಖ್ಯೆ 'ಡಿ' ಅಕ್ಷರದಿಂದ ಆರಂಭವಾಗುತ್ತದೆ, ಆಗ ಆ ಅಕ್ಷರ ಕೆಂಟ್ ಕೌಂಟಿಯದ್ದಾಗಿತ್ತು. ಆದರೆ ದಾನವಾಗಿ ಬಂದ ಖಾಸಗಿ ಕಾರುಗಳನ್ನೂ ಆಂಬುಲೆನ್ಸ್‌ಗಳಾಗಿ ಮಾರ್ಪಡಿಸುತ್ತಿದ್ದುದರಿಂದ, ವಾಹನ ಬೇರೆ ಕೌಂಟಿಗೆ ಹೋಗಿದ್ದರೂ ಹಳೆಯ ಸಂಖ್ಯೆಯೇ ಉಳಿದಿರಬಹುದಲ್ಲವೇ ಎಂಬಲ್ಲಿ ಗೊಂದಲಕ್ಕೆ ಬಿದ್ದಿದ್ದೇನೆ. ಆ ಹನ್ನೊಂದು ಮುಖಗಳು ಹೆಸರಿಲ್ಲದೆ ಉಳಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಈ ಸಂಖ್ಯೆಯನ್ನು ನಂಬಿ ಕೆಂಟ್‌ನ ಆಸ್ಪತ್ರೆಗಳಲ್ಲೇ ಹುಡುಕುವುದು ಸರಿಯೇ? ವಾಹನದ ಅಂದಿನ ಮಾಲೀಕರು ಯಾರೆಂಬುದನ್ನು ಯಾವ ದಫ್ತರದಲ್ಲಿ ನೋಡಬೇಕು?