ಮೈಮೇಲೆ ಎದ್ದದ್ದಕ್ಕೆ ಎಮರ್ಜೆನ್ಸಿಗೆ ಯಾವಾಗ ಓಡಬೇಕು?

ಪ್ರಶ್ನೆ (ಮಲ್ಪೆ): ಡಾಕ್ಟ್ರೇ, ಮೊನ್ನೆ ರಾತ್ರಿ ಸಿಗಡಿ ಸುಕ್ಕ ತಿಂದು ಅರ್ಧ ಗಂಟೆಯಲ್ಲಿ ನಮ್ಮವರಿಗೆ ಮೈಯೆಲ್ಲ ಗಂಧೆ ಎದ್ದಿತು. ತುಟಿ ಊದಿತು, ವಾಂತಿಯೂ ಆಯಿತು. ಅತ್ತೆ ಪುನರ್ಪುಳಿ ಶರಬತ್ತು ಕೊಟ್ಟರು. ಮನೆಯಲ್ಲಿದ್ದ ಸಿಟ್ರಿಜಿನ್ ಕೂಡ ಕೊಟ್ಟೆವು. ಬೆಳಿಗ್ಗೆ ಇಳಿದಿತ್ತು. ಇದಕ್ಕೆಲ್ಲ ಎಮರ್ಜೆನ್ಸಿಗೆ ಹೋಗಬೇಕಿತ್ತಾ?

ಉತ್ತರ (ಎಮರ್ಜೆನ್ಸಿ ಡಾಕ್ಟರ್, ಮಂಗಳೂರು): ಹೋಗಬೇಕಿತ್ತು ಅಕ್ಕಾ. ಬರೀ ಗಂಧೆ ಎದ್ದು ತುರಿಸಿದರೆ ಮಾತ್ರೆ ಸಾಕು. ಅದರ ಜೊತೆ ವಾಂತಿ, ಉಸಿರಿಗೆ ಕಷ್ಟ, ಗಂಟಲು ಬಿಗಿಯುವುದು, ತಲೆ ತಿರುಗುವುದು ಯಾವುದು ಬಂದರೂ ಅಲರ್ಜಿ ಇಡೀ ಮೈಗೆ ಹತ್ತಿದೆ ಅಂತಲೇ ತಿಳಿಯಬೇಕು. ಇದಕ್ಕೆ ಮೊದಲ ಮದ್ದು ಅಡ್ರಿನಾಲಿನ್. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಮಾಂಸಕ್ಕೆ ಚುಚ್ಚುತ್ತೇವೆ. ಸಿಟ್ರಿಜಿನ್ ತುರಿಕೆ ಇಳಿಸುತ್ತದೆ ಅಷ್ಟೇ. ಊದಿದ ಗಂಟಲಿಗೆ, ಬಿದ್ದ ಬಿಪಿಗೆ ಅದು ಏನೂ ಮಾಡುವುದಿಲ್ಲ. ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಬರುವುದೂ ಉಂಟು. ಅದಕ್ಕೇ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವುದು. ಸದ್ಯ ಸಿಗಡಿ, ಏಡಿ ಎರಡೂ ಬೇಡ. ಒಮ್ಮೆ ಡಾಕ್ಟರಿಗೆ ತೋರಿಸಿ. ಮತ್ತೆ ಹಾಗಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ (ಮಲ್ಪೆ): ಪುನರ್ಪುಳಿ ಕೊಡಲೇಬಾರದಾ?

ಉತ್ತರ: ಬರೀ ಗಂಧೆಯಾದರೆ ಕುಡಿಯಲಿ. ವಾಂತಿ ಬರುವಾಗ, ಗಂಟಲು ಬಿಗಿದಾಗ ಬಾಯಿಗೆ ಏನೂ ಹಾಕಬೇಡಿ.

ಪ್ರಶ್ನೆ (ಕಾರ್ಕಳ): ಅಪ್ಪನಿಗೆ ಯೂರಿಕ್ ಆಸಿಡ್ ಜಾಸ್ತಿ ಅಂತ ಅಲೋಪ್ಯೂರಿನಾಲ್ ಶುರುಮಾಡಿ ಮೂರು ವಾರ ಆಯಿತು. ಎರಡು ದಿನದಿಂದ ಜ್ವರ, ಕಣ್ಣುರಿ. ಇವತ್ತು ಎದೆ ಮೇಲೆ ಕಪ್ಪುಗೆಂಪು ಕಲೆಗಳು, ಬಾಯೊಳಗೆಲ್ಲ ಹುಣ್ಣು. ಗಂಜಿ ತಿಳಿಯೂ ಇಳಿಯುತ್ತಿಲ್ಲ. ಅಜ್ಜಿ ಇದು ಅಮ್ಮ ಅಂತ ಬೇವಿನ ಸೊಪ್ಪು ಹಾಸಿದ್ದಾರೆ. ಸೋಮವಾರ ಚರ್ಮದ ಡಾಕ್ಟರಿಗೆ ತೋರಿಸಿದರೆ ಸಾಕಲ್ವಾ?

ಉತ್ತರ: ಸೋಮವಾರದವರೆಗೆ ಕಾಯಬೇಡಿ. ಈಗಲೇ ಹೊರಡಿ, ಆ ಮಾತ್ರೆ ಇನ್ನು ಕೊಡಬೇಡಿ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಹೊಸ ಮಾತ್ರೆ, ಜ್ವರ, ಕಣ್ಣುರಿ, ಬಾಯಿಹುಣ್ಣು ಒಟ್ಟಿಗೆ ಕಂಡರೆ ನಮಗೆ ಮೊದಲು ನೆನಪಾಗುವುದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್. ಇದರಲ್ಲಿ ಚರ್ಮದ ಮೇಲ್ಪದರ ಸತ್ತು ಕಳಚುತ್ತದೆ. ಬೆರಳಲ್ಲಿ ಮೆತ್ತಗೆ ಉಜ್ಜಿದರೂ ಒದ್ದೆ ಕಾಗದದ ಹಾಗೆ ಜಾರಿ ಬರುತ್ತದೆ (ನೀವು ಉಜ್ಜಿ ನೋಡಬೇಡಿ, ನೋವು ವಿಪರೀತ). ಮೈಯ ನೀರು ಸೋರುತ್ತದೆ, ಸೋಂಕು ಸುಲಭವಾಗಿ ಒಳಗಿಳಿಯುತ್ತದೆ. ಹಾಗಾಗಿ ಜಾಸ್ತಿ ಕಳಚಿದವರನ್ನು ಸುಟ್ಟ ಗಾಯದವರಂತೆಯೇ ಐಸಿಯುನಲ್ಲಿ ನೋಡಿಕೊಳ್ಳಬೇಕಾಗುತ್ತದೆ.

ಸಾಮಾನ್ಯವಾಗಿ ಇದು ಮಾತ್ರೆ ಶುರುಮಾಡಿದ ಮೊದಲ 8 ವಾರದೊಳಗೆ ಬರುತ್ತದೆ. ಅಲೋಪ್ಯೂರಿನಾಲ್ ಮಾತ್ರವಲ್ಲ, ಫಿಟ್ಸಿನ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳಿಂದಲೂ ಬರುತ್ತದೆ. ಫಿಟ್ಸ್ ಮಾತ್ರೆ ತಗೊಳ್ಳುವವರು ಇದನ್ನು ಓದಿ ಹೆದರಿ ಸುಮ್ನೆ ನಿಲ್ಲಿಸಬೇಡಿ. ಮೈಮೇಲೆ ಏನಾದರೂ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅಲ್ಲಿ ಮಾತ್ರೆ ಬದಲಿಸುತ್ತಾರೆ. ಅಮ್ಮ ಅಂತ ಕೋಣೆಯಲ್ಲಿ ಮಲಗಿಸಿ ಚರ್ಮ ಕಳಚಿದ ಮೇಲೆ ಕರೆತಂದಾಗ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ (ಬ್ರಹ್ಮಾವರ): ಗದ್ದೆಗಿಳಿದ ಮೇಲೆ ಅಮ್ಮನ ಕಾಲು ಕೆಂಪಾಗಿ ಬಿಸಿಯಾಗಿದೆ. ಶುಗರ್ ಇದೆ. ನಂಜು ಅಂತ ಅರಶಿನ ಹಚ್ಚಿದ್ದೇವೆ.

ಉತ್ತರ: ಅರಶಿನ ತೊಳೆಯಿರಿ, ಕೆಂಪು ಎಲ್ಲಿವರೆಗೆ ಅಂತ ಕಾಣುವುದೇ ಇಲ್ಲ. ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು, ಗಂಟೆ ಬರೆದು, ಇವತ್ತೇ ಡಾಕ್ಟರಿಗೆ ತೋರಿಸಿ. ಶುಗರ್ ಇದ್ದವರಿಗೆ ಇಂಥ ಸೋಂಕು ಬೇಗ ಏರುತ್ತದೆ. ಕೆಂಪು ಆ ಪೆನ್ನಿನ ಗೆರೆ ದಾಟಿದರೆ, ಕಾಣುವುದಕ್ಕಿಂತ ನೋವು ತುಂಬಾ ಜಾಸ್ತಿ ಇದ್ದರೆ, ಕಪ್ಪು ಗುಳ್ಳೆ ಎದ್ದರೆ ನೇರ ಎಮರ್ಜೆನ್ಸಿಗೆ. ಒಳಗೆ ಮಾಂಸ ಕೊಳೆಯುತ್ತಿದ್ದರೆ ಆಪರೇಶನ್‌ಗೆ ಗಂಟೆಗಳ ಲೆಕ್ಕ. ಬೆರಳ ಸಂದು ಬಿರಿದಿದೆಯಾ ನೋಡಿ, ಸೋಂಕು ಹೆಚ್ಚಾಗಿ ಅಲ್ಲಿಂದಲೇ ಹತ್ತುವುದು.

ಕಾರ್ಕಳ: ಮಣಿಪಾಲಕ್ಕೆ ಹೊರಟಿದ್ದೇವೆ ಡಾಕ್ಟ್ರೇ.

ಉತ್ತರ: ಒಳ್ಳೆಯದಾಯಿತು. ಅವರು ತಗೊಳ್ಳುವ ಎಲ್ಲ ಮಾತ್ರೆಯ ಸ್ಟ್ರಿಪ್ ತಗೊಂಡು ಹೋಗಿ, ಆಯುರ್ವೇದದ್ದು ಇದ್ದರೆ ಅದನ್ನೂ. ಕಣ್ಣಿನ ಡಾಕ್ಟರು ಇವತ್ತೇ ನೋಡಲಿ ಅಂತ ಕೇಳಿ. ಚರ್ಮ ಮತ್ತೆ ಬರುತ್ತದೆ, ಕಣ್ಣಿಗೆ ಆದ ಹಾನಿ ಹಾಗೇ ಉಳಿಯಬಹುದು.