ದೇವರ ಕೃಪೆಯನ್ನೇ ನೆಚ್ಚಿಕೊಂಡು ಬದುಕೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಕಾರವಾರದಿಂದ, ಗೃಹಿಣಿ):

ಪ್ರತಿವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲಕ್ಕೆ ಒಂದು ಪಟ್ಟಿ ಮಾಡುತ್ತೇನೆ. ದಿನಾ ಜಪಮಾಲೆ, ದಿನಾ ಬೈಬಲಿನ ಒಂದು ಅಧ್ಯಾಯ, ಶುಕ್ರವಾರ ಉಪವಾಸ, ಮಕ್ಕಳ ಮೇಲೆ ರೇಗಬಾರದು. ಸ್ವಲ್ಪ ದಿನಕ್ಕೇ ಎಲ್ಲ ತಪ್ಪಿಹೋಗುತ್ತದೆ. ಆಮೇಲೆ ಪ್ರಾರ್ಥನೆಗೆ ಕೂತರೆ ದೇವರಿಗೆ ಮುಖ ತೋರಿಸೋಕೆ ಆಗುವುದಿಲ್ಲ. ಫಾದರ್ ಹತ್ತಿರ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಿ ಬಂದ ಮೇಲೂ ಎಲ್ಲ ಸರಿಯಾಗಿ ಹೇಳಿದೆನೋ ಇಲ್ಲವೋ ಅನ್ನೋ ಅಳುಕು ಹೋಗುವುದಿಲ್ಲ. "ನಿನ್ನ ಪ್ರಯತ್ನ ಬಿಡು, ದೇವರ ಕೃಪೆ ನಂಬು" ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ದಿನದ ಬದುಕಿನಲ್ಲಿ ಮಾಡೋದು ಹೇಗೆ? ಏನೂ ಮಾಡದೆ ಸುಮ್ನೆ ಕೂತರೆ ಸೋಮಾರಿತನ ಅಲ್ವಾ?

ಹೊನ್ನಾವರದಿಂದ, ನಿವೃತ್ತ ಶಿಕ್ಷಕಿ:

ತಂಗಿ, ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಾ ಬಂದವಳು ನಾನು. ಈ ಪ್ರಶ್ನೆ ಮಕ್ಕಳ ತಾಯಂದಿರಿಂದ ತುಂಬ ಸಲ ಕೇಳಿದ್ದೇನೆ. ನಿನ್ನ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ದೇವರು ನನ್ನನ್ನು ಪ್ರೀತಿಸಲಿ ಅಂತ ಮಾಡುತ್ತೀಯೋ, ಪ್ರೀತಿಸಿದ್ದಾನೆ ಅಂತ ಮಾಡುತ್ತೀಯೋ, ಅದನ್ನು ನೋಡಿಕೋ. ಹೊರಗಿನಿಂದ ಎರಡೂ ಒಂದೇ. ಅದೇ ಜಪಮಾಲೆ, ಅದೇ ಉಪವಾಸ. ತಪ್ಪಿದ ದಿನವೇ ವ್ಯತ್ಯಾಸ ಗೊತ್ತಾಗೋದು. ಪ್ರೀತಿ ಗಳಿಸೋಕೆ ಹೊರಟವಳು ಅವತ್ತು ದೇವರಿಂದ ತಪ್ಪಿಸಿಕೊಂಡು ಓಡಾಡುತ್ತಾಳೆ. ಪ್ರೀತಿ ಸಿಕ್ಕಿದೆ ಅಂತ ನಂಬಿದವಳು ಅವನ ಹತ್ತಿರವೇ ಹೋಗಿ ಅಳುತ್ತಾಳೆ.

ಇದನ್ನು ನಂಬೋದು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿಯೇ ಕಷ್ಟ. ಡಿಸೆಂಬರ್ 3ರ ಚಂದಾವರದ ಹಬ್ಬ ನೋಡು. ಸಂತ ಫ್ರಾನ್ಸಿಸ್ ಝೇವಿಯರರ ಮುಂದೆ ಎಲ್ಲ ಜಾತಿ, ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಅವರ ಭಕ್ತಿ ದೊಡ್ಡದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಹರಕೆ ಹೊತ್ತು, ತೀರಿಸಿ ಬೆಳೆದ ನಮ್ಮ ಮನಸ್ಸಿಗೆ, ಏನೂ ಕೊಡದೆ ದೇವರು ಕೊಡುತ್ತಾನೆ ಅನ್ನೋದು ಒಳಗಿಳಿಯುವುದಿಲ್ಲ. ಕೊಟ್ಟದ್ದಕ್ಕೆ ಲೆಕ್ಕ ಕೇಳುತ್ತಾನೆ ಅನ್ನೋ ಭಯ ಇದ್ದೇ ಇರುತ್ತದೆ.

ಬೈಬಲಿನಲ್ಲಿ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆದು 8, 9, 10ನೇ ವಚನ ಒಟ್ಟಿಗೆ ಓದು. ಸುಮಾರು ಜನ 9ಕ್ಕೇ ನಿಲ್ಲಿಸುತ್ತಾರೆ. ರಕ್ಷಣೆ ದೇವರ ವರ, ನಮ್ಮ ಕೆಲಸದ ಫಲ ಅಲ್ಲ, ಯಾರೂ ಜಂಬ ಪಡುವ ಹಾಗಿಲ್ಲ ಅಂತ ಅಲ್ಲಿವರೆಗೆ ಇದೆ. 10ರಲ್ಲಿ ಒಳ್ಳೆಯ ಕೆಲಸವೂ ಬರುತ್ತದೆ. ಅದನ್ನೂ ದೇವರೇ ಮೊದಲೇ ಸಿದ್ಧ ಮಾಡಿಟ್ಟಿದ್ದಾನಂತೆ. ನಾವು ಅದರಲ್ಲಿ ನಡೆದರೆ ಆಯಿತು. ಕೆಲಸ ಇದೆ, ಆದರೆ ವರ ಸಿಕ್ಕ ಮೇಲೆ ಬರುತ್ತದೆ.

ಲೂಕನ ಸುವಾರ್ತೆಯ 5ನೇ ಅಧ್ಯಾಯ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಪೇತ್ರ ಕಸುಬಿನ ಮೀನುಗಾರ. ರಾತ್ರಿಯೆಲ್ಲ ದುಡಿದಿದ್ದಾನೆ, ಒಂದು ಮೀನೂ ಇಲ್ಲ. ದಡಕ್ಕೆ ಬಂದು ಬಲೆ ತೊಳೆಯುತ್ತಿದ್ದಾರೆ. ಬಲೆ ತೊಳೆದರು ಅಂದರೆ ಅವತ್ತಿನ ಕೆಲಸ ಮುಗೀತು ಅಂತ ನಿಮ್ಮ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದವರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಹೊತ್ತಲ್ಲಿ ಬಡಗಿಯ ಮಗ ಯೇಸು ಬಂದು, ಆಳಕ್ಕೆ ಹೋಗಿ ಬಲೆ ಬಿಡಿ ಅನ್ನುತ್ತಾನೆ. ರಾತ್ರಿಯೆಲ್ಲ ಏನೂ ಸಿಗಲಿಲ್ಲ, ಆದರೂ ನೀನು ಹೇಳುತ್ತೀಯಲ್ಲ, ಬಿಡುತ್ತೇನೆ ಅನ್ನುತ್ತಾನೆ ಪೇತ್ರ. ಅವನು ಸುಮ್ನೆ ಕೂರಲಿಲ್ಲ, ಗಮನಿಸು. ದೋಣಿ ನಡೆಸಿದ, ಬಲೆ ಬಿಟ್ಟ, ಬಲೆ ಹರಿಯುವ ಹಾಗಾದಾಗ ಇನ್ನೊಂದು ದೋಣಿಯವರನ್ನು ಕರೆದ. ಕೈ ನೋವು ರಾತ್ರಿಗಿಂತ ಜಾಸ್ತಿಯೇ ಆಗಿರಬೇಕು. ಆದರೆ ಮೀನು ಮಾತ್ರ ಅವನ ಜಾಣತನದಿಂದ ಬಂದದ್ದಲ್ಲ.

ಮುಂದಿನದ್ದು ನಿನಗೇ ಬರೆದ ಹಾಗಿದೆ. ಅಷ್ಟು ಮೀನು ನೋಡಿ ಪೇತ್ರ ಯೇಸುವಿನ ಮೊಣಕಾಲಿಗೆ ಬಿದ್ದು, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಅನ್ನುತ್ತಾನೆ. ನೀನು ಮುಖ ತೋರಿಸೋಕೆ ಆಗುವುದಿಲ್ಲ ಅಂದೆಯಲ್ಲ, ಅದೇ ಮಾತು. ಯೇಸು ಹೋಗಲಿಲ್ಲ. ಮೊದಲು ಸರಿಯಾಗಿ ಬಾ ಅನ್ನಲೂ ಇಲ್ಲ. ಹೆದರಬೇಡ ಅಂದ, ಮಾಡೋಕೆ ಕೆಲಸವನ್ನೂ ಕೊಟ್ಟ.

ದಿನದ ಬದುಕಿಗೆ ಒಂದು ಅಭ್ಯಾಸ ಹೇಳುತ್ತೇನೆ. ಝೇವಿಯರರ ಸಂಗಾತಿ ಸಂತ ಇಗ್ನೇಷಿಯಸ್ ಕಲಿಸಿದ್ದು. ರಾತ್ರಿ ಮಲಗುವ ಮುಂಚೆ ಆ ದಿನವನ್ನು ದೇವರ ಜೊತೆ ಒಮ್ಮೆ ತಿರುಗಿ ನೋಡೋದು. ತಪ್ಪಿನಿಂದ ಶುರು ಮಾಡಬಾರದು, ಕೃತಜ್ಞತೆಯಿಂದ ಶುರು ಮಾಡಬೇಕು. ಸಿಕ್ಕಿದ್ದನ್ನೆಲ್ಲ ಮೊದಲು ನೆನೆಸಿಕೋ. ತಪ್ಪು ಆಮೇಲೆ ಬರಲಿ. ಆ ಸಾಲು ಅದಲುಬದಲಾದರೆ ಪ್ರಾರ್ಥನೆ ಮತ್ತೆ ವಿಚಾರಣೆ ಆಗುತ್ತದೆ.

ಸಿರಸಿಯಿಂದ:

ಅಕ್ಕೋರು ಹೇಳಿದ್ದು ಓದಿ ಸಮಾಧಾನ ಆಯಿತು. ನಮ್ಮದು ಪ್ರೊಟೆಸ್ಟೆಂಟ್ ಸಭೆ. ಅಣ್ಣನ ವಿಷಯ ಹೇಳುತ್ತೇನೆ, ಅವನೇ ಹೇಳು ಅಂದಿದ್ದಾನೆ.

ಅಣ್ಣ ತುಂಬ ಕುಡಿಯುತ್ತಿದ್ದ. ಪ್ರತಿ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಆಣೆ ಮಾಡುತ್ತಿದ್ದ. ಅಮ್ಮನ ತಲೆ ಮುಟ್ಟಿಯೂ ಹೇಳಿದ್ದ. ಆಣೆ ಮುರಿದಾಗಲೆಲ್ಲ ನಾಚಿಕೆಗೆ ಇನ್ನೂ ಜಾಸ್ತಿ ಕುಡಿಯುತ್ತಿದ್ದ. ಕೊನೆಗೆ, ಕುಡಿತ ಬಿಡಬೇಕು ಅನ್ನೋರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗೋಕೆ ಶುರು ಮಾಡಿದ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕೂಟ ಅದು. ಅವರ ಮೊದಲ ಹೆಜ್ಜೆಯೇ, ಕುಡಿತದ ಎದುರು ನನಗೆ ಶಕ್ತಿ ಇಲ್ಲ ಅಂತ ಒಪ್ಪಿಕೊಳ್ಳೋದು. ಗಟ್ಟಿ ಮನಸ್ಸು ಮಾಡು ಅಂತಲೇ ನಾವೆಲ್ಲ ಅವನಿಗೆ ಹೇಳುತ್ತಿದ್ದದ್ದು. ಅಲ್ಲಿ ಯಾರೂ ಹಾಗೆ ಹೇಳಲಿಲ್ಲ.

ಈಗ ಅವನು ಆಣೆ ಮಾಡುವುದಿಲ್ಲ. ಬೆಳಿಗ್ಗೆ ಎದ್ದು, "ಕರ್ತನೇ, ಇವತ್ತು ನನ್ನ ಕೈಲಿ ಆಗುವುದಿಲ್ಲ, ನೀನೇ ಹಿಡಿದುಕೋ" ಅನ್ನುತ್ತಾನೆ. ಇವತ್ತಿಗೆ ಮಾತ್ರ. ಹಾಗಂತ ಕೈಕಟ್ಟಿ ಕೂತಿಲ್ಲ. ತೋಟದಿಂದ ಮನೆಗೆ ಬರುವ ದಾರಿ ಬದಲಾಯಿಸಿದ್ದಾನೆ, ಹಳೇ ದಾರಿಯಲ್ಲಿ ವೈನ್ ಶಾಪ್ ಇದೆ. ಕುಡಿಯುವ ಆಸೆ ಪೂರ್ತಿ ಹೋಗಿಲ್ಲ. ಬೈಬಲಿನ ಪೌಲನಿಗೂ ಮೈಯಲ್ಲಿ ಮುಳ್ಳಿನ ಹಾಗೆ ಕಾಡುತ್ತಿದ್ದ ಬಾಧೆ ಹೋಗಲಿಲ್ಲ. ಮೂರು ಸಲ ಬೇಡಿಕೊಂಡ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು. 2 ಕೊರಿಂಥ 12ನೇ ಅಧ್ಯಾಯ. ನಮ್ಮ ಮನೆಯಲ್ಲಿ ಆ ವಚನ ಅಂದರೆ ಅಣ್ಣನೇ ನೆನಪಾಗುತ್ತಾನೆ.

ಕುಮಟಾದಿಂದ:

ಒಂದು ಮಾತು ಸೇರಿಸುತ್ತೇನೆ. ಕೃಪೆ ಇದೆ ಬಿಡಿ ಅನ್ನುತ್ತಾ ಕೂಲಿಯವರ ದುಡ್ಡು ಉಳಿಸಿಕೊಳ್ಳುವ ವಿಶ್ವಾಸಿಗಳನ್ನೂ ನೋಡಿದ್ದೇನೆ. ಬೈಬಲಿನಲ್ಲಿ ಸುಂಕ ವಸೂಲಿಯವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಬಂದ. ಅವನು ಬದಲಾಗಲಿ ಅಂತ ಕಾಯಲಿಲ್ಲ. ಆದರೆ ಆಮೇಲೆ ಜಕ್ಕಾಯ ಏನು ಮಾಡಿದ? ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್. ಲೂಕ 19. ಅಕ್ಕಾ, ಸೋಮಾರಿತನದ ಭಯ ನಿಮಗಿದೆ ಅಂದರೆ ನೀವು ಆ ಗುಂಪಿನವರಲ್ಲ.

ಕಾರವಾರದಿಂದ, ನರ್ಸ್:

ಎಲ್ಲರೂ ಪಟ್ಟಿಯ ಬಗ್ಗೆ ಬರೆದಿದ್ದೀರಿ. ನನಗೆ ಪಾಪನಿವೇದನೆ ಆದ ಮೇಲಿನ ಅಳುಕಿನ ಬಗ್ಗೆ ಹೇಳಬೇಕಿದೆ.

ಅದು ನಿಮಗೊಬ್ಬರಿಗೇ ಬಂದದ್ದಲ್ಲ ಅಕ್ಕ. ಮುಂದೆ ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟೋಕೆ ಕಾರಣನಾದ ಮಾರ್ಟಿನ್ ಲೂಥರ್ 1505ರಲ್ಲಿ ಮಠ ಸೇರಿದ. ಒಂದು ಪಾಪವೂ ಬಿಟ್ಟುಹೋಗಬಾರದು ಅಂತ ತಾಸುಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಮುಗಿಸಿ ಬಂದ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ಅವನ ಹಿರಿಯ ಗುರು ಸ್ಟೌಪಿಟ್ಸ್, ನಿನ್ನನ್ನು ನೋಡಿಕೊಳ್ಳಬೇಡ, ಕ್ರಿಸ್ತನ ಗಾಯಗಳನ್ನು ನೋಡು ಅಂತ ತಿದ್ದುತ್ತಿದ್ದರು. ನಮ್ಮ ಕಥೋಲಿಕ ಸಂತರಲ್ಲೂ ಇದು ಇತ್ತು. ಲಿಸ್ಯೂದ ಸಂತ ತೆರೇಸಾ ಹುಡುಗಿಯಾಗಿದ್ದಾಗ ಇದೇ ಸಂಕಟ ಪಟ್ಟವಳು. 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡಳು. ಅಷ್ಟರಲ್ಲಿ, ದೇವರ ಮುಂದೆ ಬರಿಗೈಯಲ್ಲಿ ನಿಲ್ಲುತ್ತೇನೆ ಅನ್ನುವಷ್ಟು ಧೈರ್ಯ ಬಂದಿತ್ತು. ಕೃಪೆಯ ಮಾತು ಪ್ರೊಟೆಸ್ಟೆಂಟರದ್ದು ಅಂತ ನಮ್ಮಲ್ಲಿ ಕೆಲವರು ದೂರ ಇಡುತ್ತಾರೆ. ಅದು ಸರಿಯಲ್ಲ. 1999ರ ಅಕ್ಟೋಬರ್ 31ರಂದು ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ಸಭೆಗಳ ಒಕ್ಕೂಟ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸೋದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದಲೇ ಅಂತ ಇಬ್ಬರೂ ಒಟ್ಟಿಗೆ ಹೇಳಿದ್ದಾರೆ.

ನೀವು ಮಾಡಬೇಕಾದ್ದು ಇಷ್ಟು. ಪ್ರತಿಸಲವೂ ಅದೇ ಫಾದರ್ ಹತ್ತಿರ ಪಾಪನಿವೇದನೆ ಮಾಡಿ, ಈ ಅಳುಕಿನ ಬಗ್ಗೆಯೂ ಅವರಿಗೆ ತಿಳಿಸಿ. ಒಮ್ಮೆ ಹೇಳಿ ಕ್ಷಮೆ ಪಡೆದ ಪಾಪವನ್ನು ಮತ್ತೆ ಹೇಳಬೇಡಿ. ಅವರು ಸಾಕು ಅಂದರೆ ಸಾಕು. ನಿಮ್ಮ ಮನಸ್ಸು ಏನಂದರೂ ಅವರ ಮಾತನ್ನೇ ಹಿಡಿಯಿರಿ.

ಇನ್ನೊಂದು. ತಪ್ಪಿತು ಅನ್ನಿಸಿ ಅದೇ ಪ್ರಾರ್ಥನೆಯನ್ನು ಮೊದಲಿನಿಂದ ಮತ್ತೆ ಮತ್ತೆ ಹೇಳುತ್ತೀರಾ? ರಾತ್ರಿ ನಿದ್ದೆ ಬರುವುದಿಲ್ಲವಾ? ಬೇಡ ಅಂದರೂ ಕೆಟ್ಟ ಯೋಚನೆ ನುಗ್ಗುತ್ತಾ? ಹಾಗಿದ್ದರೆ ಅದು ಗೀಳು ಕಾಯಿಲೆಯೂ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಡಾಕ್ಟರ್ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಅಂತಲ್ಲ. ಒಬ್ಬರೇ ಹೋಗೋಕೆ ಮುಜುಗರ ಆದರೆ ಹೇಳಿ. ನನಗೆ ಡ್ಯೂಟಿ ಇಲ್ಲದ ದಿನ ನಾನೂ ಜೊತೆಗೆ ಬರುತ್ತೇನೆ.