ಸೋನುವಿನ ವಿಡಿಯೋ ಬಗ್ಗೆ ವೈನಿಗೆ ಉತ್ತರ, ಕಾಕಾ ಮತ್ತು ಆಯಿ ಕೂಡ ಕೇಳಲಿ

ವೈನಿ, ನಿಮ್ಮ ಮೆಸೇಜ್ ಮಧ್ಯಾಹ್ನವೇ ನೋಡಿದೆ. ಥೆರಪಿಗೆ ಬಂದ ಮಕ್ಕಳು ಕೂತಿದ್ದರು, ಅದಕ್ಕೆ ಆಗ ಉತ್ತರ ಕೊಡಲಿಲ್ಲ. ಈಗ ನಿಧಾನವಾಗಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ. ಕಾಕಾ ಮತ್ತು ಆಯಿ ಕೂಡ ಪ್ರಶ್ನೆ ಕೇಳಿದ್ದಾರೆ, ಅದಕ್ಕೇ ಬೇರೆ ಕಳಿಸದೆ ಗ್ರೂಪಿನಲ್ಲೇ ಹಾಕುತ್ತಿದ್ದೇನೆ.

ನೀವು ಹೇಳಿದ್ದು ಇಷ್ಟು, ಅಲ್ವಾ? ಸಂಶೋಧನೆ ಮಾಡುವ ಹುಡುಗಿಯೊಬ್ಬಳು ನಿಪ್ಪಾಣಿಗೆ ಬಂದಿದ್ದಾಳೆ. ಆಟಿಸಂ ಇರುವ ಮಕ್ಕಳು ಮನೆಯವರ ಜೊತೆ ಹೇಗೆ ಬೆರೆಯುತ್ತಾರೆ, ಮನಸ್ಸಿನಲ್ಲಿ ಇರುವುದನ್ನು ಹೇಗೆ ತಿಳಿಸುತ್ತಾರೆ, ಬೆಳೆಯುತ್ತಾ ಅದು ಹೇಗೆ ಬದಲಾಗುತ್ತದೆ ಅಂತ ನೋಡುತ್ತಿದ್ದಾಳೆ. ಆಟಿಸಂ ಇರುವ ನಮ್ಮ ಸೋನು ನಿಮ್ಮ ಜೊತೆ ಆಡುವುದನ್ನು ಮನೆಯಲ್ಲೇ ವಿಡಿಯೋ ಮಾಡಬೇಕಂತೆ, ಆರು ತಿಂಗಳು ಬಿಟ್ಟು ಮತ್ತೊಮ್ಮೆ. ಕಾಕಾ "ನಮ್ಮ ಹುಡುಗ ಏನು ಸ್ಯಾಂಪಲ್ಲಾ?" ಅಂದರು. ಆಯಿ "ಇದರಿಂದ ಮಾತು ಬರುತ್ತದೇನು?" ಅಂತ ಕೇಳಿದರು. ಇದರ ನಡುವೆ ಯಾರೋ ನಿಮಗೆ ಮರಾಠಿ ಬಿಡಿ, ಮಗುವಿನ ಜೊತೆ ಒಂದೇ ಭಾಷೆ ಆಡಿ ಅಂತ ಹೇಳಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಪ್ಪಿಕೊಳ್ಳಿ. ಆದರೆ ಸಹಿ ಹಾಕುವ ಮುಂಚೆ ಅವಳನ್ನು ಒಂದು ಮಾತು ಕೇಳಿ: ನೀನು ಸೋನುವನ್ನು ಮಾತ್ರ ಅಳೆಯುತ್ತೀಯೋ, ಅವನು ಏನೋ ಹೇಳಿದಾಗ ಎದುರಿಗೆ ಇರುವವರು ಏನು ಮಾಡಿದರು ಅಂತಲೂ ನೋಡುತ್ತೀಯೋ? ಇಬ್ಬರನ್ನೂ ನೋಡುವ ಸಂಶೋಧನೆ ಆದರೆ ಅದರಲ್ಲಿ ಸೋನು ಇರಲೇಬೇಕು ಅಂತ ನನ್ನ ಆಸೆ.

ಯಾಕೆ ಅಂತ ಹೇಳುತ್ತೇನೆ. ಮಗುವಿನ ಮಾತು ಅಂದರೆ ನಮ್ಮ ಮನೆಗಳಲ್ಲಿ "ಎಷ್ಟು ಪದ ಬರುತ್ತವೆ" ಅಂತಲೇ ಎಣಿಸುತ್ತೇವೆ. ಪದಕ್ಕಿಂತ ಮುಂಚೆ ಎಷ್ಟೋ ಕೆಲಸ ನಡೆದಿರುತ್ತದೆ. ಸುಮಾರು ಒಂದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಬೆರಳು ತೋರಿಸಲು ಶುರು ಮಾಡುತ್ತಾರೆ. ಅದರಲ್ಲಿ ಎರಡು ಬಗೆ. ಒಂದು, ಅದು ನನಗೆ ಬೇಕು ಅಂತ. ಇನ್ನೊಂದು, ಅಲ್ಲಿ ನೋಡು, ಎಷ್ಟು ಚೆನ್ನಾಗಿದೆ ಅಂತ. 1970ರ ದಶಕದಿಂದಲೂ ಸಂಶೋಧಕರು ಇವೆರಡನ್ನೂ ಬೇರೆ ಬೇರೆ ಮಾಡಿ ನೋಡುತ್ತಾ ಬಂದಿದ್ದಾರೆ. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಮೊದಲನೆಯದು ಬರುತ್ತದೆ, ಎರಡನೆಯದು ತಡವಾಗುತ್ತದೆ ಅಥವಾ ಕಡಿಮೆ ಇರುತ್ತದೆ.

ಸೋನುವನ್ನೇ ನೋಡಿ. ನಾನು ಬೆಳಗಾವಿಯಿಂದ ಕುಂದಾ ತಂದರೆ ಅವನು ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಾನೆ. ಬೇಕು ಅಂತ ಸ್ಪಷ್ಟವಾಗಿ ಹೇಳಿದ ಹಾಗೆಯೇ ಅದು. ಇನ್ನು ಆ ಹಳೇ ಸೈಕಲ್ ಚಕ್ರ. ಮೊದಲು ಮೂಲೆಯಲ್ಲಿ ಒಬ್ಬನೇ ಕೂತು ತಿರುಗಿಸುತ್ತಿದ್ದ. ಈಗ ಅದನ್ನು ನಿಮ್ಮ ಹತ್ತಿರ ತಂದು, ನಿಮಗೆ ಬೆನ್ನು ತಾಗಿಸಿ ಕೂತು ತಿರುಗಿಸುತ್ತಾನೆ. ಮುಖ ನೋಡುವುದಿಲ್ಲ, ಬೆರಳೂ ತೋರಿಸುವುದಿಲ್ಲ. ಆದರೂ ನಿಮ್ಮ ಹತ್ತಿರವೇ ತಂದು ಕೂರುತ್ತಾನಲ್ಲ! ನನ್ನ ಲೆಕ್ಕದಲ್ಲಿ ಅದು "ನೋಡು" ಅನ್ನುವುದೇ. ಫಾರ್ಮಿನಲ್ಲಿ "ಬೆರಳು ತೋರಿಸುತ್ತಾನಾ? ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ?" ಅಂತ ಮಾತ್ರ ಇದ್ದರೆ ಇಷ್ಟು ದೊಡ್ಡ ಬೆಳವಣಿಗೆ ಎಲ್ಲೂ ಬರೆಯದೆ ಹೋಗುತ್ತದೆ. ವಿಡಿಯೋ ಇದ್ದರೆ ಹಾಗಾಗುವುದಿಲ್ಲ. ಹಿಂದೆ ಮುಂದೆ ಮಾಡಿ ನಿಧಾನವಾಗಿ ನೋಡಬಹುದು.

ವಿಡಿಯೋದಿಂದ ಏನು ಬದಲಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದರು. ಆಟಿಸಂ ಕುರಿತ ಮೊದಲ ದೊಡ್ಡ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ಕೆಲವು ಮಕ್ಕಳು ಕೇಳಿದ್ದನ್ನೇ ಗಿಳಿಪಾಠದಂತೆ ಹೇಳುತ್ತಾರೆ ಅನ್ನುವ ವಿಷಯ ಬರುತ್ತದೆ. ಆಮೇಲೆ ಬಹಳ ವರ್ಷ ಹೆಚ್ಚಿನವರು ಅದನ್ನು ಅರ್ಥವಿಲ್ಲದ ಅಭ್ಯಾಸ ಅಂತಲೇ ತಿಳಿದರು, ಅದನ್ನು ಬಿಡಿಸಲು ನೋಡಿದರು. 1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡ್ಯುಚನ್ ಅನ್ನುವ ಇಬ್ಬರು ನಾಲ್ಕೇ ಮಕ್ಕಳ ವಿಡಿಯೋ ಹಿಡಿದು ಕೂತರು. ಮಗು ಏನು ಹೇಳಿತು ಅಂತ ಮಾತ್ರ ನೋಡಲಿಲ್ಲ. ಆಗ ಎಲ್ಲಿ ನೋಡುತ್ತಿತ್ತು, ಕೈ ಎಲ್ಲಿತ್ತು, ಮುಂದೆ ಏನಾಯಿತು, ಎಲ್ಲ ನೋಡಿದರು. ಕೇಳಿದ್ದನ್ನೇ ತಿರುಗಿ ಹೇಳುವ ಆ ಮರುನುಡಿಯಲ್ಲಿ ಏಳು ಬಗೆಯ ಉದ್ದೇಶಗಳು ಕಂಡವು. ಒಂದು ಸಲ ಅದು ಹೌದು ಅನ್ನುವುದು, ಇನ್ನೊಂದು ಸಲ ಬೇಕು ಅನ್ನುವುದು, ಮತ್ತೊಂದು ಸಲ ಮಾತಿನಲ್ಲಿ ತನ್ನ ಸರದಿ ತೆಗೆದುಕೊಳ್ಳುವುದು.

ಚಿಕ್ಕೋಡಿಯ ಮದುವೆಯಲ್ಲಿ ಸೋನು "ಕೊಲ್ಹಾಪುರ ಕೊಲ್ಹಾಪುರ ಕೊಲ್ಹಾಪುರ" ಅಂತ ಕಂಡಕ್ಟರ್ ಥರ ಕೂಗಿದ್ದು ನೆನಪಿದೆಯಾ? ಎಲ್ಲರೂ ನಕ್ಕರು. ನೀವು ಮಾತ್ರ ಅವನನ್ನು ಎತ್ತಿಕೊಂಡು ಹೊರಗೆ ಹೋದಿರಿ, ಅವನು ಸುಮ್ಮನಾದ. ಬ್ಯಾಂಡಿನ ಸದ್ದು ತಡೆಯಲು ಆಗದೆ, ಹೊರಡೋಣ ಅನ್ನುವುದಕ್ಕೆ ಅವನ ಹತ್ತಿರ ಇದ್ದ ಮಾತು ಅದು. ನೀವು ಹಿಡಿದಿರಿ, ವೈನಿ. ಈ ಸಂಶೋಧನೆ ಹುಡುಕುತ್ತಿರುವುದು ಇಂಥದ್ದನ್ನೇ. ಅವಳಿಗೆ ಇದನ್ನು ಖಂಡಿತ ಹೇಳಿ. ಅವಳು ಬಂದ ದಿನ ಸೋನು ಹೀಗೇನಾದರೂ ಅಂದರೆ, ಅದು ಎಲ್ಲಿಂದ ಬಂದದ್ದು ಅಂತ ಗೊತ್ತಿರುವುದು ನಿಮಗೆ ಮಾತ್ರ.

ಈಗ ಇನ್ನೊಂದು ವಿಷಯ. ಮೊದಮೊದಲು ಸಂಶೋಧನೆಯೆಲ್ಲ ಮಗುವಿನಲ್ಲಿ ಏನು ಕೊರತೆ ಅಂತಲೇ ಹುಡುಕುತ್ತಿತ್ತು. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅದಕ್ಕೆ ಪ್ರಶ್ನೆ ಹಾಕಿದರು. ಅವರಿಗೇ ಆಟಿಸಂ ಇದೆ, ಸಮಾಜಶಾಸ್ತ್ರ ಓದಿದವರು. ಅವರ ವಾದ ಸರಳ. ನಮಗೆ ನೀವು ಅರ್ಥ ಆಗುವುದಿಲ್ಲ ಅನ್ನುತ್ತೀರಿ, ನಿಮಗೂ ನಾವು ಅರ್ಥ ಆಗುತ್ತಿಲ್ಲವಲ್ಲ, ತಪ್ಪು ನಮ್ಮೊಬ್ಬರದೇ ಹೇಗೆ?

ಇದನ್ನು ಪರೀಕ್ಷೆ ಮಾಡಿಯೂ ನೋಡಿದರು. ನಾವು ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಲ್ಲಿ ಗುಟ್ಟು ಹೇಳುವ ಆಟ ಆಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ. ಕ್ಯಾಥರೀನ್ ಕ್ರಾಂಪ್ಟನ್ ಅವರ ತಂಡ 2020ರಲ್ಲಿ ಇದನ್ನು ಪ್ರಕಟಿಸಿತು. ಎಂಟೆಂಟು ಜನರ ಸಾಲು, ಒಬ್ಬರು ಕಥೆ ಹೇಳಬೇಕು, ಕೇಳಿದವರು ಮುಂದಿನವರಿಗೆ ಹೇಳಬೇಕು. ಆಟಿಸಂ ಇರುವವರೇ ಇದ್ದ ಸಾಲು, ಇಲ್ಲದವರೇ ಇದ್ದ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಇಬ್ಬರೂ ಬೆರೆತ ಸಾಲಿನಲ್ಲಿ ಮಾತ್ರ ಜಾಸ್ತಿ ವಿವರ ಕಳೆದುಹೋಯಿತು. 2025ರಲ್ಲಿ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮತ್ತೆ ಮಾಡಿದಾಗ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಹಾಗಾಗಿ ಬೆರೆತರೆ ಮಾತು ಕೆಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಆಟಿಸಂ ಇರುವವರು ಮಾತು ದಾಟಿಸುವುದರಲ್ಲಿ ಹಿಂದೆ ಅನ್ನುವುದು ಎರಡು ಸಲವೂ ನಿಲ್ಲಲಿಲ್ಲ. ಇವರೆಲ್ಲ ಮಾತು ಬರುವ ದೊಡ್ಡವರು, ನಾಲ್ಕು ವರ್ಷದ ಸೋನುವಿಗೆ ಇದನ್ನು ಹಾಗೇ ಅಂಟಿಸಲು ಬರುವುದಿಲ್ಲ. ಆದರೂ ನಾನು ಮಕ್ಕಳನ್ನು ನೋಡುವ ರೀತಿ ಇದರಿಂದ ಬದಲಾಗಿದೆ.

ಆಯಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದರಿಂದ ಮಾತು ಬರುತ್ತದೇನು ಅಂದಿರಿ. ಈ ಹುಡುಗಿ ಮಾಡುತ್ತಿರುವುದು ಚಿಕಿತ್ಸೆ ಅಲ್ಲ. ಅವಳು ನೋಡಿ ಬರೆದುಕೊಳ್ಳುತ್ತಾಳೆ, ಅಷ್ಟೇ. ಸೋನುವಿನ ಥೆರಪಿ ಒಂದು ವಾರವೂ ನಿಲ್ಲಬಾರದು. ಆದರೆ ಇಂಥ ವಿಡಿಯೋ ನೋಡಿಯೇ ಒಂದು ಒಳ್ಳೆಯ ಪದ್ಧತಿ ಹುಟ್ಟಿದೆ. ಬ್ರಿಟನ್ನಿನಲ್ಲಿ 152 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ಯಾಕ್ಟ್ ಅನ್ನುವ ಪ್ರಯೋಗ ಅದು. ತಾಯಿ ಮಗುವಿನ ಜೊತೆ ಆಡುತ್ತಾಳೆ, ಅದನ್ನು ವಿಡಿಯೋ ಮಾಡುತ್ತಾರೆ, ಆಮೇಲೆ ಥೆರಪಿಸ್ಟ್ ಮತ್ತು ತಾಯಿ ಕೂತು ಒಟ್ಟಿಗೆ ನೋಡುತ್ತಾರೆ. ಇಲ್ಲಿ ಮಗು ಏನೋ ಹೇಳಿತು, ನೀವು ಗಮನಿಸಿದಿರಿ, ಇಲ್ಲಿ ಸ್ವಲ್ಪ ಕಾದಿದ್ದರೆ ಇನ್ನೂ ಏನೋ ಹೇಳುತ್ತಿತ್ತು ಅಂತ ಮಾತಾಡಿಕೊಳ್ಳುತ್ತಾರೆ.

ಇದು ಶ್ರೀಮಂತ ದೇಶಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. ಚೋರ್ಲಾ ಘಾಟ್ ಇಳಿದರೆ ಸಿಗುವ ನಮ್ಮ ಗೋವಾದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿ, ಎರಡೂ ಕಡೆ ಸೇರಿ 65 ಮಕ್ಕಳು, 2ರಿಂದ 9 ವರ್ಷದವರು. ಕಲಿಸಿದವರು ದೊಡ್ಡ ಸ್ಪೆಷಲಿಸ್ಟ್‌ಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. 2016ರಲ್ಲಿ ಫಲಿತಾಂಶ ಬಂತು. ತಂದೆತಾಯಿ ಮಗುವಿನ ದಾರಿಗೆ ಹೊಂದಿಕೊಂಡು ಉತ್ತರ ಕೊಡುವುದು ಜಾಸ್ತಿ ಆಯಿತು. ಮಗು ತಾನಾಗಿ ಮುಂದೆ ಬಂದು ಏನಾದರೂ ತಿಳಿಸುವುದೂ ಜಾಸ್ತಿ ಆಯಿತು. ಇಬ್ಬರೂ ಒಂದೇ ವಸ್ತುವಿನಲ್ಲಿ ಮುಳುಗಿರುವ ಸಮಯ ಮಾತ್ರ ಕಡಿಮೆಯಾಯಿತು. ಎಲ್ಲವೂ ಬಯಸಿದ ಹಾಗೆ ಬರಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದರು. ಅದಕ್ಕೇ ಆ ಕೆಲಸದ ಮೇಲೆ ನನಗೆ ನಂಬಿಕೆ. ಆಯಿ, ನೀವು ಸೋನುವಿನ ಎದುರು ಕೂತು "ಅಜ್ಜಿ ಅನ್ನು, ಅಜ್ಜಿ ಅನ್ನು" ಅಂತ ಕೇಳುವ ಬದಲು, ಅವನು ಚಕ್ರ ತಿರುಗಿಸುವಾಗ ಪಕ್ಕದಲ್ಲಿ ಕೂತು ಸ್ವಲ್ಪ ಕಾದು ನೋಡಿ. ಅವನು ನಿಮ್ಮ ಕಡೆ ಚಕ್ರ ಸರಿಸಿದರೆ ನೀವೂ ತಿರುಗಿಸಿ.

ಭಾಷೆಯ ವಿಷಯ. ಮರಾಠಿ ಬಿಡಬೇಡಿ ವೈನಿ. ನಿಪ್ಪಾಣಿಯಲ್ಲಿ ಮರಾಠಿ ಬಿಟ್ಟರೆ ಅವನು ಪಕ್ಕದ ಮನೆಯ ಮಕ್ಕಳ ಜೊತೆ ಹೇಗೆ ಆಡುತ್ತಾನೆ? ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ನೋಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಎರಡು ಭಾಷೆ ಕೇಳಿ ಬೆಳೆದ ಮಕ್ಕಳಿಗೆ ಒಂದೇ ಭಾಷೆಯವರಿಗಿಂತ ಹೆಚ್ಚಿನ ತಡವೇನೂ ಆಗಿರಲಿಲ್ಲ. ಮನೆಯಲ್ಲಿ ಯಾವ ಭಾಷೆ ನಿಮ್ಮ ಬಾಯಿಗೆ ಸಲೀಸೋ ಅದರಲ್ಲೇ ಮಾತಾಡಿ. ಕನ್ನಡ ಮರಾಠಿ ಬೆರೆತರೂ ಪರವಾಗಿಲ್ಲ. ಆ ಹುಡುಗಿ ಇಂಗ್ಲಿಷ್ ರೈಮ್ ಹೇಳಿಸಿ ಅಂದರೆ ಬೇಡ ಅನ್ನಿ. ದಿನಾ ಆಡುವ ಹಾಗೆಯೇ ಆಡುತ್ತೇವೆ ಅಂತ ಹೇಳಿ.

ಆಟದ ಸಾಮಾನೂ ಹಾಗೆಯೇ. ಆಟಿಸಂ ಗುರುತಿಸಲು ಹೊರದೇಶದಲ್ಲಿ ಮಾಡಿದ, ಎಲ್ಲ ಕಡೆ ಬಳಸುವ ಎಡಿಒಎಸ್ ಪರೀಕ್ಷೆಯಲ್ಲಿ ಬೊಂಬೆಗೆ ಬರ್ತ್‌ಡೇ ಮಾಡುವ ಆಟವಿದೆ. ಸೋನುವಿಗೆ ಬೊಂಬೆಯ ಕೇಕ್ ಹಿಡಿಸದೆ ಇರಬಹುದು. ಆದರೆ ನೀವು ರೊಟ್ಟಿ ಬಡಿಯುವಾಗ ಅವನು ಪಕ್ಕದಲ್ಲಿ ನೆಲವನ್ನು ಬಡಿಯುತ್ತಾನಲ್ಲ, ಅದು ನಟನೆಯ ಆಟವೇ. ಅದನ್ನು ವಿಡಿಯೋದಲ್ಲಿ ಹಿಡಿಯಲಿ. ಸೋನುವಿನ ಅಂಗವೈಕಲ್ಯ ಸರ್ಟಿಫಿಕೇಟಿಗೆ ಬಳಸಿದ ಐಸಾ ಅನ್ನುವ ಆಟಿಸಂ ಅಳತೆಪಟ್ಟಿ ನಮ್ಮ ದೇಶದಲ್ಲೇ ಆದದ್ದು, 2009ರಲ್ಲಿ ಬಂತು, ಅದರಲ್ಲಿ 40 ಅಂಶಗಳಿವೆ. ತೊಂದರೆ ಎಷ್ಟಿದೆ ಅಂತ ಅಂಕ ಕೊಡುವುದಕ್ಕೆ ಅದು ಸರಿ. ಮಗು ತಿಂಗಳಿಂದ ತಿಂಗಳಿಗೆ ಹೊಸದಾಗಿ ಏನು ಕಲಿಯಿತು ಅಂತ ಹೇಳುವುದು ಅದರ ಕೆಲಸವಲ್ಲ. ಅದಕ್ಕೆ ಈ ಹುಡುಗಿ ಮಾಡುತ್ತಿರುವಂಥ ಕೆಲಸ ಬೇಕು.

ಕಾಕಾ, ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮನೆಯ ಮಗುವನ್ನು ಕ್ಯಾಮೆರಾ ಮುಂದೆ ಕೂರಿಸುವಾಗ ಹಿರಿಯರು ತಡೆದು ಕೇಳಲೇಬೇಕು. ಅದಕ್ಕೆ ನಿಯಮಗಳೂ ಇವೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಸಂಶೋಧನೆ ಶುರು ಮಾಡುವ ಹಾಗಿಲ್ಲ. ಆ ಪತ್ರ ತೋರಿಸು ಅನ್ನಿ. ಒಪ್ಪಿಗೆಯ ಕಾಗದ ನಿಮಗೆ ಓದಲು ಬರುವ ಭಾಷೆಯಲ್ಲಿ ಇರಬೇಕು. ನಡುವೆ ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ, ಬಿಟ್ಟರೆ ಸಿಗುತ್ತಿರುವ ಚಿಕಿತ್ಸೆಗೆ ತೊಂದರೆ ಆಗಬಾರದು. ವಿಡಿಯೋ ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ, ಕ್ಲಾಸಿನಲ್ಲೋ ಸಭೆಯಲ್ಲೋ ತೋರಿಸುತ್ತಾರಾ, ಇದೆಲ್ಲ ಬರೆದು ಕೊಡಲಿ. ತೋರಿಸುವುದು ಬೇಡ ಅನಿಸಿದರೆ ಅದಕ್ಕೆ ಮಾತ್ರ ಬೇಡ ಅನ್ನಬಹುದಾ ಅಂತಲೂ ಕೇಳಿ.

ಏಳು ವರ್ಷ ಆದ ಮೇಲೆ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅಂತ ನಿಯಮ ಇದೆ. ಸೋನು ಇನ್ನೂ ಚಿಕ್ಕವನು, ಬಾಯಿಂದ ಬೇಡ ಅನ್ನಲು ಬರುವುದಿಲ್ಲ. ಆದರೆ ಅವನು ಬೇಡ ಅನ್ನುವುದು ನಮಗೆ ಗೊತ್ತಾಗುತ್ತದೆ. ಕಿವಿ ಮುಚ್ಚಿಕೊಳ್ಳುತ್ತಾನೆ, ಒಳಗಿನ ಕೋಣೆಗೆ ಹೋಗಿ ಬಾಗಿಲು ತಳ್ಳುತ್ತಾನೆ. ಹಾಗೆ ಮಾಡಿದ ತಕ್ಷಣ ಕ್ಯಾಮೆರಾ ನಿಲ್ಲಬೇಕು. ಇದನ್ನು ಅವಳಿಗೆ ಮೊದಲೇ ಹೇಳಿ ಒಪ್ಪಿಸಿ. ಒಪ್ಪದಿದ್ದರೆ ಒಳಗೆ ಕರೆಯಬೇಡಿ. ಈ ಒಂದರಲ್ಲಿ ರಾಜಿ ಬೇಡ.

ಇನ್ನೊಂದು ಕಾರಣಕ್ಕೂ ನಾನು ಒಪ್ಪಿಕೊಳ್ಳಿ ಅನ್ನುತ್ತಿದ್ದೇನೆ. ಮಕ್ಕಳ ಬೆಳವಣಿಗೆಯ ಬಗ್ಗೆ ನಾವು ಓದಿದ ಸಂಶೋಧನೆಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ಮಕ್ಕಳದು. ಅಜ್ಜಿ, ಕಾಕಾ, ಪಕ್ಕದ ಮನೆಯವರು ಎಲ್ಲ ಸೇರಿ ಒಂದು ಮಗುವನ್ನು ಬೆಳೆಸುವ ನಮ್ಮಂಥ ಮನೆ ಅವುಗಳಲ್ಲಿ ಇಲ್ಲ. ಅಮ್ಮ ಮಗು ಇಬ್ಬರೇ ಕೂತು ಆಡುವುದನ್ನು ಅವರು ನೋಡುತ್ತಾರೆ. ಸೋನು ಹೆಚ್ಚು ನಗುವುದು ಕಾಕಾ ಜೊತೆ. ಹಾಗಿದ್ದ ಮೇಲೆ ಕಾಕಾ ಕೂಡ ಆ ವಿಡಿಯೋದಲ್ಲಿ ಇರಬೇಕು ಅಲ್ವಾ? ಅವಳನ್ನು ಕೇಳಿ ನೋಡಿ, ಒಳ್ಳೆಯ ಸಂಶೋಧಕಿ ಆದರೆ ಖುಷಿಯಿಂದ ಒಪ್ಪುತ್ತಾಳೆ.

ಫಾರ್ಮ್ ಕೈಗೆ ಬಂದ ಮೇಲೆ ಎಲ್ಲ ಪುಟದ ಫೋಟೋ ನನಗೆ ಕಳಿಸಿ, ಓದಿ ಹೇಳುವವರೆಗೆ ಸಹಿ ಬೇಡ. ಎರಡನೇ ವಿಡಿಯೋ ಮುಗಿದ ಮೇಲೆ ಏನು ಕಂಡಿತು ಅಂತ ಮನೆಗೆ ಬಂದು ಕನ್ನಡದಲ್ಲಿ ಹೇಳಬೇಕು ಅನ್ನುವುದನ್ನೂ ಅದರಲ್ಲಿ ಬರೆಸೋಣ. ಸೋನುವಿನ ಕಿವಿ ಪರೀಕ್ಷೆಯ ಹಳೇ ರಿಪೋರ್ಟ್ ಸಿಕ್ಕರೆ ಅದನ್ನೂ ಕಳಿಸಿ ವೈನಿ, ಅವಳು ಕೇಳಬಹುದು.